ಬಾಕಿ ಕೇಳುವಾಗ ನಗಿಸುವುದು ಹೇಗೆ?

ಬಳ್ಳಾರಿಯ ಯಾವುದಾದರೂ ಹಳೇ ಕಿರಾಣಿ ಅಂಗಡಿಗೆ ಹೋಗಿ, ಗಲ್ಲಾದ ಹಿಂದಿನ ಗೋಡೆ ನೋಡಿ. 'ಇಂದು ನಗದು, ನಾಳೆ ಉದ್ರಿ' ಅಂತ ಬೋರ್ಡು ಇದ್ದರೂ ಇರಬಹುದು. ನಾಲ್ಕೇ ಪದ. ಸಾಲ ಕೊಡಲ್ಲ ಅಂತಲೇ ಅರ್ಥ, ಆದರೆ ಓದಿದವರಿಗೆ ಸಿಟ್ಟು ಬರುವುದಿಲ್ಲ. ಅದು ಯಾರ ಕಡೆಗೂ ಬೆರಳು ತೋರಿಸುವುದಿಲ್ಲ ನೋಡಿ, ಅದಕ್ಕೇ.

ನಾನು ಇಲ್ಲಿ ಸಣ್ಣದೊಂದು ಜೀನ್ಸ್ ಹೊಲಿಗೆ ಯೂನಿಟ್ ನಡೆಸುತ್ತೇನೆ. ಹೊಲಿಯುವುದು ಸುಲಭ, ವಸೂಲಿ ಕಷ್ಟ. ವಾಟ್ಸ್‌ಆ್ಯಪ್‌ನಲ್ಲಿ ಬಾಕಿ ಕೇಳಿ ಕೇಳಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು ನಗು ಇಲ್ಲದೆ ಬರೆಯಿರಿ. ಬಿಲ್ ನಂಬರ್, ಮೊತ್ತ, ತಾರೀಖು, ಅಷ್ಟೇ. ಸಂದೇಶ ಉದ್ದವಾದರೆ ವಾಟ್ಸ್‌ಆ್ಯಪ್ ನಡುವೆಯೇ ಕತ್ತರಿಸುತ್ತದೆ, ಉಳಿದದ್ದನ್ನು ಒತ್ತಿ ಓದುವಷ್ಟು ತಾಳ್ಮೆ ದುಡ್ಡು ಕೊಡಬೇಕಾದವರಿಗೆ ಎಲ್ಲಿರುತ್ತದೆ? ಹಾಗಾಗಿ ಮೊತ್ತ ಮೇಲಿರಲಿ. ತಮಾಷೆ ಕೊನೆಗೆ, ಒಂದೇ ಸಾಲು. ಆ ಸಾಲು ಅಳಿಸಿದರೂ ವಿಷಯ ಪೂರ್ತಿ ತಿಳಿಯಬೇಕು. ಕೆಲವರು ಹಾಸ್ಯ ಭಾಷಣಕಾರ ಗಂಗಾವತಿ ಪ್ರಾಣೇಶ್ ಅವರ ವಿಡಿಯೊ ಕಳಿಸಿ ಅದರ ಕೆಳಗೆ ಬಿಲ್ ಹಾಕುತ್ತಾರೆ. ಜನ ವಿಡಿಯೊ ನೋಡಿ ನಗುತ್ತಾರೆ, ಬಿಲ್ ಅಲ್ಲೇ ಉಳಿಯುತ್ತದೆ.

ಆಮೇಲೆ, ನಗು ಯಾರ ಮೇಲೆ ಅಂತ ನೋಡಿ. ನಿಮ್ಮ ಮೇಲೆ, ನಮ್ಮೂರ ಬಿಸಿಲಿನ ಮೇಲೆ, ನೀವು ಮಾರುವ ಮಾಲಿನ ಮೇಲೆ ಆದರೆ ಪರವಾಗಿಲ್ಲ. ನಾನು ಒಮ್ಮೆ ಹೀಗೆ ಬರೆದೆ: 'ಬಿಲ್ 214, ರೂ. 18,600, ಗಡುವು 10ನೇ ತಾರೀಖು. ಪ್ಯಾಂಟಿನ ಬಣ್ಣ ತೆಗೆಯೋ ವಾಷಿಂಗ್‌ನವರು ಈಗ ನನ್ನ ಬಣ್ಣ ಬಯಲು ಮಾಡೋಕೆ ನಿಂತಿದ್ದಾರೆ, ಬೇಗ ಕಳಿಸ್ರಿ.' ಊರಿನ ವ್ಯಾಪಾರಿ ನಕ್ಕು ಅವತ್ತೇ ಹಾಕಿದರು. ಅದೇ ಸಾಲನ್ನು ನನ್ನ ಹರಕುಮುರುಕು ಹಿಂದಿಗೆ ತಿರುಗಿಸಿ ಮುಂಬೈನವರಿಗೆ ಕಳಿಸಿದೆ. ಅವರು ಗಾಬರಿಯಾಗಿ ಫೋನ್ ಮಾಡಿ, ಪ್ಯಾಂಟು ಬಣ್ಣ ಬಿಡುತ್ತದಾ ಅಂತ ಕೇಳಿದರು! ಮಾತಿನ ಆಟ ಭಾಷೆ ದಾಟುವುದಿಲ್ಲ. ನಮ್ಮ ಕಡೆಯಂತೂ ಕನ್ನಡ, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಇರುತ್ತವೆ. ಗಟ್ಟಿ ಪ್ಯಾಂಟಿಗಿಂತ ಹರಿದ ಪ್ಯಾಂಟಿಗೆ ರೇಟು ಜಾಸ್ತಿ ಅನ್ನುವ ಜೋಕು ಮಾತ್ರ ಎಲ್ಲರಿಗೂ ತಿಳಿಯುತ್ತದೆ.

ಕಳಿಸುವ ಮುಂಚೆ ಆ ಕಡೆಯವರ ಪರಿಸ್ಥಿತಿ ತಿಳಿದುಕೊಳ್ಳಿ. ಇದನ್ನು ನಾನು ಕೆಟ್ಟ ರೀತಿಯಲ್ಲಿ ಕಲಿತೆ. ತಿಂಗಳಿಂದ ಉತ್ತರ ಕೊಡದ ಒಬ್ಬರಿಗೆ 'ಸಾಹುಕಾರ್ರೇ, ಭೂಮಿ ಮೇಲೇ ಇದ್ದೀರಾ?' ಅಂತ ಬರೆದೆ. ಸಂಜೆ ಅವರ ಮಗನಿಂದ ಉತ್ತರ ಬಂತು: ಅಪ್ಪ ತೀರಿಕೊಂಡು ಮೂರು ದಿನ ಆಯಿತು. ಆ ಮನೆಗೆ ಹೋಗಿ ಕೂತು ಬಂದೆ, ಬಾಕಿ ಮಾತೇ ಎತ್ತಲಿಲ್ಲ. ಈಗ ಯಾರಾದರೂ ಸುಮ್ಮನಾದರೆ ಮೊದಲು ಫೋನ್ ಮಾಡುತ್ತೇನೆ.

ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ತಾನಾಗೇ ಹೋಗುವ ಸ್ವಾಗತ ಸಂದೇಶದಲ್ಲೂ ಜೋಕು ಬೇಡ. ಅದು ಹೊಸಬರಿಗೂ ಹೋಗುತ್ತದೆ, 14 ದಿನ ಸುಮ್ಮನಿದ್ದು ಮತ್ತೆ ಬರೆದವರಿಗೂ ಹೋಗುತ್ತದೆ, ಅವರಲ್ಲಿ ಮಾಲು ಕೆಟ್ಟಿದೆ ಅಂತ ಬೈಯಲು ಬಂದವರೂ ಇರುತ್ತಾರೆ. ಅಂಗಡಿ ರಜೆಯ ಸಂದೇಶ ಮಾತ್ರ ಬೇರೆ. ಕೊಪ್ಪಳದಲ್ಲಿ ಗವಿಮಠದ ಜಾತ್ರೆಯ ಹೊತ್ತಿಗೆ ಗೆಳೆಯರೊಬ್ಬರು ಹಾಕಿದ್ದರು: 'ಅಜ್ಜನ ಜಾತ್ರೆಗೆ ಹೋಗೀವ್ರಿ. ತೇರು ಎಳೆದು ಬಂದು ನಿಮ್ಮ ಆರ್ಡರ್ ಎಳೀತೀವಿ. ಸೋಮವಾರ 10 ಗಂಟೆಗೆ ಅಂಗಡಿ ತೆಗೀತೀವಿ.' ಯಾವಾಗ ಬರಬೇಕು ಅನ್ನೋದೂ ಇದೆ, ನಗುವೂ ಇದೆ.

ಕೊನೆಗೆ, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರಲಿ. ಮೊದಲ ಸಂದೇಶಕ್ಕೆ ನಗು ಸರಿ, ಎರಡನೆಯದು ನೇರ ಇರಲಿ, ಮೂರನೆಯದು ಪತ್ರ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಇರುವ ಸಣ್ಣ ಘಟಕದಿಂದ ಮಾಲು ತಗೊಂಡವರು, ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದು ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ. ಪತ್ರದಲ್ಲಿ ಇದನ್ನಷ್ಟೇ ಬರೆಯಿರಿ, ನಗುವ ಇಮೋಜಿ ಕೂಡ ಬೇಡ. ಅಲ್ಲಿ ತಮಾಷೆಯನ್ನು ಸರ್ಕಾರವೇ ಸೇರಿಸಿದೆ: ದುಡ್ಡು ಬಾರದೆ ತಲೆಕೆಟ್ಟವರು ದೂರು ಕೊಡಲಿ ಅಂತ 2017ರಲ್ಲಿ ಶುರು ಮಾಡಿದ ಪೋರ್ಟಲ್‌ಗೆ ಇಟ್ಟ ಹೆಸರು 'ಸಮಾಧಾನ್'.