ನಂಗ್ ಮೀನು: ಚರ್ಮ ಸುಲಿದರೆ ಅರ್ಧ ಅಡುಗೆ ಆದ ಹಾಗೆ

ಮಳೆಗಾಲದ ನಿಷೇಧ ಜುಲೈ 31ಕ್ಕೆ ಮುಗಿದು ದೋಣಿಗಳು ಕಡಲಿಗಿಳಿದ ಮೇಲೆ ಮಲ್ಪೆಯಲ್ಲಿ ನಂಗ್ ಬರಲು ಶುರು. ಸೆಪ್ಟೆಂಬರ್ ಹೊತ್ತಿಗಂತೂ ರಾಶಿ ರಾಶಿ. ದುಬಾರಿ ಅಂಜಲ್ ಮೀನಿಗೆ ಕೊಡುವ ದುಡ್ಡಿನಲ್ಲಿ ಮನೆಮಂದಿಯೆಲ್ಲ ಹೊಟ್ಟೆತುಂಬ ನಂಗ್ ತಿನ್ನಬಹುದು. ಆದರೂ ಸುಮಾರು ಜನ ಇದನ್ನು ಮನೆಗೆ ತರುವುದಿಲ್ಲ. ಚರ್ಮ ಸುಲಿಯುವ ರಗಳೆ ಯಾರಿಗೆ ಬೇಕು ಅಂತ.

ಕೆಸರಿನ ತಳಕ್ಕೆ ಮಗ್ಗುಲಾಗಿ ಅಂಟಿಕೊಂಡೇ ಬದುಕುವ ಚಪ್ಪಟೆ ಮೀನಿದು. ಮರಿಯಾಗಿದ್ದಾಗ ಎರಡು ಕಡೆ ಎರಡು ಕಣ್ಣು. ಬೆಳೆಯುತ್ತ ಬಲಗಣ್ಣು ತಲೆ ದಾಟಿ ಎಡಕ್ಕೆ ಬಂದುಬಿಡುತ್ತದೆ! ಹಾಗಾಗಿ ಮೇಲಿನ ಎಡಮೈ ಕಂದು, ಕೆಸರಿಗೆ ತಾಗುವ ಬಲಮೈ ಬಿಳಿ. ಕೊಳ್ಳುವಾಗ ನಾನು ಈ ಬಿಳಿ ಮಗ್ಗುಲನ್ನು ತಿರುಗಿಸಿ ನೋಡುತ್ತೇನೆ. ಹಳದಿಯಾಗಿದ್ದರೆ, ಹೊಟ್ಟೆಯ ಹತ್ತಿರ ಮೆತ್ತಗಿದ್ದರೆ ಬೇಡ. "ಅಕ್ಕ, ದೊಡ್ಡದೇ ನೋಡಿ ಹಾಕಿ" ಅನ್ನುತ್ತೇನೆ. ಗೇಣುದ್ದದ್ದು ಸಿಕ್ಕರೆ ಅದೃಷ್ಟ.

ಇನ್ನು ಸುಲಿಯುವುದು. ತಲೆಯನ್ನು ಓರೆಯಾಗಿ ಕೊಯ್ಯಿರಿ, ಆದರೆ ಪೂರ್ತಿ ಅಲ್ಲ. ಒಂದು ಬದಿಯ ಚರ್ಮ ಹಾಗೇ ಇರಲಿ. ಈಗ ತಲೆ ಹಿಡಿದು ಬಾಲದ ಕಡೆಗೆ ಎಳೆದರೆ ಆ ಚರ್ಮ ಸರ್ರನೆ ಬರುತ್ತದೆ, ಕರುಳೂ ಅದರ ಜೊತೆಗೇ. ಇನ್ನೊಂದು ಬದಿಯಲ್ಲಿ ಹಿಡಿಯಲು ತಲೆ ಇಲ್ಲವಲ್ಲ, ಕತ್ತಿಯ ತುದಿಯಿಂದ ಅಂಚು ಎಬ್ಬಿಸಿಕೊಳ್ಳಬೇಕು. ಲೋಳೆಗೆ ಬೆರಳು ಜಾರುತ್ತದೆ, ಕಲ್ಲುಪ್ಪು ಮುಟ್ಟಿಕೊಂಡು ಹಿಡಿದರೆ ಬಿಗಿ. ಚರ್ಮವನ್ನು ಮೇಲಕ್ಕೆ ಎತ್ತಬೇಡಿ, ಮಾಂಸ ಕಿತ್ತು ಬರುತ್ತದೆ. ಮೈಗೆ ತಾಗಿದ ಹಾಗೆ ಹಿಂದಕ್ಕೆ ಎಳೆಯಿರಿ. ಸುತ್ತಲಿನ ರೆಕ್ಕೆಗೆ ಕತ್ತರಿ ಸಾಕು.

ಮಸಾಲೆಗೆ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಹುಣಸೆ, ಅರಸಿನ, ಉಪ್ಪು. ಗಟ್ಟಿಯಾಗಿ ರುಬ್ಬಿ. ಮೀನು ತೆಳು, ಹಾಗಾಗಿ ಕಾಲು ಗಂಟೆ ನೆನೆದರೆ ಜಾಸ್ತಿಯೇ ಆಯಿತು. ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿ, ತೆಂಗಿನೆಣ್ಣೆ ಬಿಡಿ. ಅಂಚು ಗರಿಯಾಗುವವರೆಗೆ ಮುಟ್ಟಬೇಡಿ, ಮಗುಚುವಾಗ ಮುರಿಯುತ್ತದೆ. ಹುಳಿ-ಖಾರದ ಸಾರು ಪುಳಿಮುಂಚಿ ಮಾಡುವವರೂ ಇದ್ದಾರೆ. ನನಗೇನೋ ಸಾರಿನಲ್ಲಿ ಇದರ ಮಜಾ ಸಿಗುವುದಿಲ್ಲ.

ಸಣ್ಣವು ಬಂದರೆ ಸುಲಿಯುವ ಗೋಜಿಗೇ ಹೋಗುವುದಿಲ್ಲ. ಉಪ್ಪು ಹಾಕಿ ಬಿಸಿಲಿಗೆ ಒಣಗಿಸಿಟ್ಟುಬಿಡುತ್ತೇನೆ. ಕೆಂಡದಲ್ಲಿ ಸುಟ್ಟು, ತೆಂಗಿನಕಾಯಿ, ಮೆಣಸು, ಹುಣಸೆ ಸೇರಿಸಿ ಚಟ್ನಿ ಮಾಡಿದರೆ ಗಂಜಿಗೆ ಬೇರೆ ಏನೂ ಬೇಡ.