ಪ್ಲೇಟು ಮೇಲೋ, ಫೈಲ್ ಮೇಲೋ? ಮನೆಯಲ್ಲೇ ಕೇಳಿ ನೋಡಿ

"ಈ ತುಂಬುದನಿ ಡಿಜಿಟಲ್‌ನಲ್ಲಿ ಎಲ್ಲಿ ಬರುತ್ತೆ?" ಎಲ್‌ಪಿ, ಅಂದರೆ ದೊಡ್ಡ ಗ್ರಾಮಫೋನ್ ಪ್ಲೇಟು, ಹಚ್ಚಿದ ಮನೆಯಲ್ಲಿ ಈ ಮಾತು ಬಂದೇ ಬರುತ್ತದೆ. ಆದರೆ ಪ್ಲೇಟಿನ ಪಕ್ಕ ಮೊಬೈಲಿನ ಹಾಡು ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಎರಡಕ್ಕೂ ಮಾಸ್ಟರಿಂಗ್ (ಹೊರತರುವ ಮುನ್ನ ದನಿಗೆ ಮಾಡುವ ಕೊನೆಯ ತಿದ್ದುಪಡಿ) ಬೇರೆ ಬೇರೆ ಆಗಿರುವುದೇ ಜಾಸ್ತಿ. ಪ್ಲೇಟು ಕೊರೆಯುವಾಗ ಸೂಜಿ ಹಾರದಿರಲಿ ಎಂದು ಬೇಸ್ ಅನ್ನು, ಅಂದರೆ ತಗ್ಗು ದನಿಯನ್ನು, ಎಡ-ಬಲಕ್ಕೆ ಹಂಚದೆ ನಡುವಿಗೆ ತರುತ್ತಾರೆ, ಚುಚ್ಚುವ 'ಸ'ಕಾರ ತಗ್ಗಿಸುತ್ತಾರೆ. ನಿಮ್ಮ ಕಿವಿಗೆ ಬಿದ್ದ ವ್ಯತ್ಯಾಸ ಆ ಎಂಜಿನಿಯರ್ ಕೈಚಳಕವೂ ಆಗಿರಬಹುದು, ಅಲ್ವಾ?

ಹಾಗಾಗಿ ನಿಮ್ಮ ಪ್ಲೇಟನ್ನೇ ಡಿಜಿಟಲ್‌ಗೆ ಇಳಿಸಿಕೊಳ್ಳಿ. ಪ್ಲೇಟಿಗೆ ಅದರದೇ ನಕಲನ್ನು ಎದುರು ನಿಲ್ಲಿಸಿ.

ಮೊದಲು ಪ್ಲೇಟು, ಸೂಜಿ ಎರಡರ ಧೂಳನ್ನೂ ಬ್ರಷ್‌ನಿಂದ ತೆಗೆಯಿರಿ. ಟರ್ನ್‌ಟೇಬಲ್‌ನ ವೈರನ್ನು ಸೂಜಿಯ ಸಣ್ಣ ಸಿಗ್ನಲ್ ಹಿಗ್ಗಿಸುವ ಫೋನೋ ಪ್ರೀಆಂಪ್‌ಗೆ, ಅಲ್ಲಿಂದ ದನಿಯನ್ನು ಡಿಜಿಟಲ್ ಮಾಡುವ ಆಡಿಯೊ ಇಂಟರ್‌ಫೇಸ್ ಮೂಲಕ ಕಂಪ್ಯೂಟರ್‌ಗೆ ಕೊಡಿ. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಸಿಡಿಯ ಅಳತೆಯಲ್ಲೇ ರೆಕಾರ್ಡ್ ಮಾಡಿ: 16 ಬಿಟ್, 44.1 ಕಿಲೋಹರ್ಟ್ಸ್. ಆಡಾಸಿಟಿಯ ರೆಕಾರ್ಡಿಂಗ್ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಿರಲಿ. ಚಟಪಟ ಸದ್ದು ತೆಗೆಯಲು ಹೋಗಬೇಡಿ. ನಕಲಿನಲ್ಲಿ ಅದೂ ಇರಬೇಕು, ಇಲ್ಲದಿದ್ದರೆ ಯಾವುದು ಯಾವುದೆಂದು ಮೊದಲ ಸೆಕೆಂಡಿನಲ್ಲೇ ಗೊತ್ತಾಗುತ್ತದೆ.

ಇನ್ನು ವಾಲ್ಯೂಮ್. ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಡೆಸಿಬೆಲ್ ಜಾಸ್ತಿ ಇದ್ದರೂ ಕಿವಿಗೆ ಅದು ಜೋರು ಅನ್ನಿಸುವುದಿಲ್ಲ, 'ಚೆನ್ನಾಗಿದೆ' ಅನ್ನಿಸುತ್ತದೆ. ಸರಿಹೊಂದಿಸಲು ಏರಿಳಿತ ಇಲ್ಲದ ದನಿ ಬೇಕು. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅಂಥವರ ಎಲ್‌ಪಿ ಇದ್ದರೆ, ಹಾಡು ಶುರುವಾಗುವ ಮುನ್ನ ಕೇಳುವ ತಂಬೂರಿ ಇದಕ್ಕೆ ಹೇಳಿಮಾಡಿಸಿದ್ದು. ಸ್ಪೀಕರ್ ಮುಂದೆ ಒಂದೇ ಜಾಗದಲ್ಲಿ ಮೊಬೈಲ್ ಇಟ್ಟು, ಡೆಸಿಬೆಲ್ ಆ್ಯಪ್‌ನಲ್ಲಿ ಎರಡೂ ಒಂದೇ ಅಂಕಿ ತೋರಿಸುವವರೆಗೆ ವಾಲ್ಯೂಮ್ ತಿರುಗಿಸಿ.

ಈಗ ಗೆಳೆಯರೊಬ್ಬರನ್ನು ಕರೆಯಿರಿ. ಪ್ಲೇಟು, ಫೈಲ್ ಎರಡನ್ನೂ ಒಂದೇ ಆಂಪ್ಲಿಫೈಯರ್‌ಗೆ ಜೋಡಿಸಿ, ಅವರು ಎರಡನ್ನೂ ಒಟ್ಟಿಗೆ ಶುರು ಮಾಡಲಿ. ನೀವು ಬೆನ್ನು ತಿರುಗಿಸಿ ಹೆಡ್‌ಫೋನ್‌ನಲ್ಲಿ ಕೇಳಿ. ಸೂಜಿಯೇ ಸಣ್ಣಗೆ ಹಾಡುತ್ತಿರುತ್ತದೆ, ಅದು ಕಿವಿಗೆ ಬೀಳಬಾರದು. ಅವರು ನಾಣ್ಯ ಚಿಮ್ಮಿಸಿ, ಬಿದ್ದ ಬದಿಯಂತೆ ಪ್ಲೇಟಿಗೋ ಫೈಲಿಗೋ ಇನ್‌ಪುಟ್ ಬದಲಿಸಲಿ, ಕೇಳಿದ್ದು ಯಾವುದೆಂಬ ನಿಮ್ಮ ಉತ್ತರ ಬರೆದಿಡಲಿ. ಹತ್ತು ಸಲ ಮಾಡಿ. ಸುಮ್ನೆ ಊಹಿಸಿದರೂ ಸುಮಾರು ಐದು ಸರಿಯಾಗುತ್ತದೆ. ಒಂಬತ್ತು ಬಂದರೆ ನಿಮ್ಮ ಕಿವಿ ನಿಜವಾಗಿಯೂ ಏನೋ ಹಿಡಿದಿದೆ. ಐದಾರರಲ್ಲೇ ನಿಂತರೆ, ನೀವು ಮೆಚ್ಚಿದ ಆ ತುಂಬುದನಿ ಪ್ಲೇಟಿನದ್ದು ಹೌದು, ಆದರೆ ನಿಮ್ಮ ಕಿವಿಗೆ ಗೊತ್ತಾಗುವಷ್ಟು ಫೈಲ್ ಅದನ್ನು ಕಳೆದಿಲ್ಲ ಎನ್ನಬಹುದು.

ಇನ್ನೊಂದು ಸುತ್ತು ಪ್ಲೇಟಿನ ಕೊನೆಯ ಐದು ನಿಮಿಷ ಕೇಳಿ. ನಿಮಿಷಕ್ಕೆ 33⅓ ಸುತ್ತು ತಿರುಗುವಾಗ ಹೊರ ಅಂಚಿನ ಗೆರೆ ಸೂಜಿಯಡಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡುತ್ತದೆ. ಒಳಗೆ ಬಂದಂತೆ ಅದು 20ರ ಆಸುಪಾಸಿಗೆ ಇಳಿಯುತ್ತದೆ. ಹಿಂದೂಸ್ತಾನಿ ಗಾಯನದ ಖಯಾಲ್‌ನಲ್ಲಿ ದ್ರುತ್, ಅಂದರೆ ವೇಗದ ಭಾಗ, ಬರುವುದು ಕೊನೆಗೆ. ಮಿಂಚಿನಂಥ ತಾನ್‌ಗಳೆಲ್ಲ (ಸರಸರನೆ ಓಡುವ ಸ್ವರಗಳ ಸಾಲು) ಈ ಇಕ್ಕಟ್ಟಿನ ಗೆರೆಯಲ್ಲೇ ಕೂರಬೇಕು. ಅಲ್ಲಿ ದನಿ ಕೊಂಚ ಒರಟಾಗುತ್ತದೆ. ಆ ಒರಟನ್ನು ಫೈಲ್‌ನಲ್ಲೂ ಹುಡುಕಿ.