ಆರ್ಗನೋ ಪದಗಳನ್ನು ಬಾಲದಿಂದ ಓದಿದ್ದು: ನನ್ನ ಅನುಭವ

‘ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ. ಇಲ್ಲಾಂದ್ರೆ ಅದು ಪದಕೋಶ ಅಲ್ಲ, ಕಸದ ಬುಟ್ಟಿ.’ ನನಗೆ ಅನುವಾದದ ಕೆಲಸ ಕಲಿಸಿದ ಹಿರಿಯರು ದಿನಕ್ಕೆರಡು ಸಲ ಹೇಳುತ್ತಿದ್ದ ಮಾತು ಇದು. ‘ಆರ್ಗನೋ’ ಎಂದು ಶುರುವಾಗುವ ಪದಗಳಿಗೆ ಅರ್ಥಕ್ಕೆ ತಕ್ಕಂತೆ ಮೂರು ಡಬ್ಬಿ ಇಟ್ಟುಕೊಳ್ಳುತ್ತೇನೆ ಅಂದಾಗ ಅವರು ನಕ್ಕಿದ್ದರು. ಜೊತೆಯಲ್ಲಿದ್ದ ಇನ್ನಿಬ್ಬರು ನಗಲೂ ಇಲ್ಲ, ಸುಮ್ನೆ ಎದ್ದು ಹೋದರು. ಈಗ ಆ ಮೂರೂ ಜನ ನನ್ನ ಪಟ್ಟಿಯನ್ನೇ ಬಳಸುತ್ತಿದ್ದಾರೆ. ಹಾಗಾಗಿ ಸ್ವಲ್ಪ ಜಂಬ ಕೊಚ್ಚಿಕೊಂಡರೆ ತಪ್ಪಿಲ್ಲ ಅಂದುಕೊಂಡು ಬರೆಯುತ್ತಿದ್ದೇನೆ.

ವೈದ್ಯಕೀಯ ಅನುವಾದ ಮಾಡುವವರಿಗೆ ಮೂಲ ಗೊತ್ತೇ ಇದೆ. ಗ್ರೀಕಿನ ‘ಆರ್ಗನಾನ್’ ಅಂದರೆ ಉಪಕರಣ. ಅದರಿಂದ ದೇಹದ ಅಂಗ, ಅಂಗವಿರುವ ಜೀವಿ, ಜೀವಿಗಳಿಂದ ಸಿಗುವ ಪದಾರ್ಥ, ಕೊನೆಗೆ ಇಂಗಾಲದ ಸಂಯುಕ್ತ. 1828ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ವೋಲರ್, ಮೂತ್ರದಲ್ಲಿರುವ ಯೂರಿಯಾವನ್ನು ಪ್ರಯೋಗಾಲಯದಲ್ಲೇ ಮಾಡಿ ತೋರಿಸಿದ. ಆ ಪದಾರ್ಥಗಳಿಗೆ ಜೀವಿಯೇ ಬೇಕು ಅನ್ನುವ ನಂಬಿಕೆ ಅಲ್ಲಾಡಿತು, ಹೆಸರು ಮಾತ್ರ ಹಾಗೇ ಉಳಿಯಿತು. ಇಷ್ಟು ಸಾಕು. ಕಷ್ಟ ಶುರುವಾಗುವುದು ಕನ್ನಡಕ್ಕೆ ತರುವಾಗ.

ಮೊದಲ ಸೋಲು ಕಂಪ್ಯೂಟರಿನದು. ಅಂದರೆ ನನ್ನದೇ. ‘ಆರ್ಗನೋ’ ಇರುವ ಕಡೆಯೆಲ್ಲ ‘ಅಂಗ’ ಹಾಕು ಅಂತ ಒಂದೇ ಏಟಿಗೆ ಬದಲಾಯಿಸಿದೆ. ಆರ್ಗನೋಮೆಗಲಿ (ಅಂಗ ದೊಡ್ಡದಾಗುವುದು), ಆರ್ಗನೋಜೆನೆಸಿಸ್ (ಅಂಗ ರೂಪುಗೊಳ್ಳುವುದು) ಸರಿಯಾಗೇ ಬಂದವು. ಆಮೇಲೆ ‘ಅಂಗಪಾದರಸ’ ಬಂತು. ‘ಅಂಗತವರ’ ಬಂತು. ಅಲ್ಲಿ ಇರಬೇಕಾದದ್ದು ಅಂಗ ಅಲ್ಲ, ಇಂಗಾಲ. ಪುಣ್ಯಕ್ಕೆ ಅದು ಹೊರಗೆ ಹೋಗಲಿಲ್ಲ.

ಎರಡನೆಯ ಸೋಲು ಹೊರಗೆ ಹೋಯಿತು. ಅಂಗ ಬಿಟ್ಟು ‘ಸಾವಯವ’ ಹಿಡಿದುಕೊಂಡೆ. ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಸಾವಯವ ರಸಾಯನಶಾಸ್ತ್ರ ಅಂತ ಪಠ್ಯಪುಸ್ತಕದಲ್ಲೇ ಇದೆ, ಇನ್ನೇನು ಬೇಕು? ಪದ ಬಿಡಿಸಿದರೆ ಅವಯವ ಸಹಿತ. ಅಂಗವೂ ಒಳಗೇ ಕೂತಿದೆ, ಎಷ್ಟು ಚೆಂದ ಅಂತ ಬೀಗಿದ್ದೆ. ಕೀಟನಾಶಕ ವಿಷಬಾಧೆಯ ಬಗ್ಗೆ ಒಂದು ಕರಪತ್ರದ ಅನುವಾದ ಬಂತು. ಆರ್ಗನೋಫಾಸ್ಫೇಟ್ ಕೀಟನಾಶಕ ಇದ್ದ ಕಡೆಯೆಲ್ಲ ‘ಸಾವಯವ ರಂಜಕ ಕೀಟನಾಶಕ’ ಅಂತ ಬರೆದು ಕೊಟ್ಟೆ. ಅಚ್ಚೂ ಆಯಿತು. ಓದಿದವರೊಬ್ಬರು ಕೇಳಿದರಂತೆ: ‘ಸಾವಯವ ಅಂದ್ರೆ ಒಳ್ಳೇದಲ್ವಾ? ಅದು ವಿಷ ಹೇಗಾಗುತ್ತೆ?’

ಕೇಳಿ ಕೈಕಾಲು ತಣ್ಣಗಾಯಿತು. ಕೃಷಿಯಲ್ಲಿ ‘ಸಾವಯವ’ ಅಂದರೆ ಕೃತಕ ರಾಸಾಯನಿಕ ಹಾಕದೆ ಬೆಳೆದದ್ದು. ನಾನು ಅದೇ ಪದವನ್ನು ನರಗಳಿಗೆ ವಿಷವಾಗುವ ರಾಸಾಯನಿಕದ ಹಣೆಗೆ ಅಂಟಿಸಿದ್ದೆ. ಆರ್ಗನೋಫಾಸ್ಫೇಟ್ ದೇಹದಲ್ಲಿ ಅಸೆಟೈಲ್‌ಕೋಲಿನ್‌ಎಸ್ಟರೇಸ್ ಅನ್ನುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಜೊಲ್ಲು, ಬೆವರು, ಕಿರಿದಾದ ಕಣ್ಣಿನ ಪಾಪೆ, ಕಡೆಗೆ ಉಸಿರೇ ಕಟ್ಟುತ್ತದೆ. ಆಸ್ಪತ್ರೆಯಲ್ಲಿ ಅಟ್ರೋಪಿನ್ ಕೊಡುವುದು ಇದಕ್ಕೇ. ಇಂಥದ್ದರ ಮೇಲೆ ‘ಸಾವಯವ’ ಅಂತ ಬರೆದವನು ನಾನು.

ಕರಪತ್ರ ಮತ್ತೆ ಅಚ್ಚಾಯಿತು. ಖರ್ಚು ನನ್ನ ತಲೆಗೇ ಬಂತು. ಆ ಕೆಲಸಕ್ಕೆ ಸಿಗಬೇಕಿದ್ದ ಹಣದಲ್ಲಿ ಮುಕ್ಕಾಲು ಪಾಲು ಅಲ್ಲೇ ಹೋಯಿತು, ಉಳಿದ ಕಾಲು ಭಾಗ ನಾಲ್ಕು ತಿಂಗಳು ತಡವಾಗಿ ಬಂತು. ಅದೇ ಸಿಟ್ಟಿನಲ್ಲಿ ದಪ್ಪನೆಯ ಒಂದು ವೈದ್ಯಕೀಯ ನಿಘಂಟು ಕೊಂಡೆ. ಅದಕ್ಕೆ ಕೊಟ್ಟ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಿಘಂಟು ಎಲ್ಲ ಅರ್ಥಗಳನ್ನೂ ಸಾಲಾಗಿ ಕೊಡುತ್ತದೆ, ನನ್ನ ವಾಕ್ಯಕ್ಕೆ ಯಾವುದು ಅಂತ ಹೇಳುವುದಿಲ್ಲ.

ದಾರಿ ಸಿಕ್ಕಿದ್ದು ಬೇಜಾರಿನಲ್ಲಿ. ಪದಗಳನ್ನು ಚೀಟಿಗಳಲ್ಲಿ ಬರೆದು ನೆಲದ ಮೇಲೆ ಹರಡಿಕೊಂಡಿದ್ದೆ. ಸುಮಾರು 140 ಇದ್ದವು. ಎಲ್ಲದರ ತಲೆಯೂ ಒಂದೇ, ನೋಡಿ ನೋಡಿ ಕಣ್ಣು ಸೋತು ಹೋಗಿತ್ತು. ಚೀಟಿಗಳ ಎಡ ತುದಿಯನ್ನು ಮಡಚಿ ‘ಆರ್ಗನೋ’ವನ್ನು ಮುಚ್ಚಿಬಿಟ್ಟೆ. ಉಳಿದದ್ದು ಬಾಲ ಮಾತ್ರ: ಮೆಗಲಿ, ಜೆನೆಸಿಸ್, ಫಾಸ್ಫೇಟ್, ಕ್ಲೋರಿನ್, ಲಿಥಿಯಂ. ಅರೆ, ಬಾಲವೇ ಹೇಳುತ್ತಿದೆಯಲ್ಲ! ಬಾಲದಲ್ಲಿ ಧಾತುವೋ ರಾಸಾಯನಿಕವೋ ಇದ್ದರೆ ತಲೆ ಇಂಗಾಲ. ಬಾಲದಲ್ಲಿ ದೇಹಕ್ಕೆ ಆಗುವ ಏನಾದರೂ ಇದ್ದರೆ ತಲೆ ಅಂಗ. ಎರಡೂ ಅಲ್ಲದಿದ್ದರೆ ಮೂರನೆಯ ಡಬ್ಬಿ, ವಾಕ್ಯ ಓದದೆ ಮುಟ್ಟಬಾರದು. ಆ ಸಂಜೆಯೇ ನೂರಕ್ಕೂ ಜಾಸ್ತಿ ಚೀಟಿ ಡಬ್ಬಿ ಸೇರಿದವು.

ಅಂಗದ ಡಬ್ಬಿಯಲ್ಲೂ ‘ಅಂಗ’ ಅಂತ ಅಂಟಿಸಿದರೆ ಮುಗಿಯುವುದಿಲ್ಲ. ‘ನೋ ಆರ್ಗನೋಮೆಗಲಿ’ ಅಂತ ವೈದ್ಯರು ಬರೆಯುವುದು ಸಾಮಾನ್ಯವಾಗಿ ಹೊಟ್ಟೆ ಒತ್ತಿ ನೋಡಿದ ಮೇಲೆ. ಹೆಚ್ಚಾಗಿ ಅವರ ಮನಸ್ಸಿನಲ್ಲಿರುವುದು ಯಕೃತ್ತು (ಲಿವರ್) ಮತ್ತು ಗುಲ್ಮ (ಸ್ಪ್ಲೀನ್). ಮೊದಲು ನಾನು ‘ಅಂಗ ಊತ ಇಲ್ಲ’ ಅಂತ ಬರೆಯುತ್ತಿದ್ದೆ. ಓದಿದವರು ಕಾಲು ನೋಡಿಕೊಳ್ಳುತ್ತಾರೆ! ಈಗ ‘ಒಳಾಂಗ ದೊಡ್ಡದಾಗಿಲ್ಲ’ ಅಂತ ಬರೆಯುತ್ತೇನೆ. ಆರ್ಗನೋಲೆಪ್ಟಿಕ್ ಪರೀಕ್ಷೆಯಲ್ಲಿ ಅಂಗ ಅಂದರೆ ಕಣ್ಣು, ಮೂಗು, ನಾಲಿಗೆ. ಅಲ್ಲಿ ‘ಇಂದ್ರಿಯ ಪರೀಕ್ಷೆ’ ಸಾಕು. ಆರ್ಗನೋಜೆನೆಸಿಸ್‌ನಲ್ಲೂ ಒಮ್ಮೆ ಜಾರಿದೆ. ಮನುಷ್ಯರಲ್ಲಿ ಅದು ಗರ್ಭಕಟ್ಟಿದ ಮೇಲಿನ ಮೂರರಿಂದ ಎಂಟನೆಯ ವಾರದ ಕೆಲಸ. ನನ್ನ ಕೈಯಲ್ಲಿದ್ದದ್ದು ಗಿಡಗಳ ಅಂಗಾಂಶ ಕೃಷಿಯ ಬರಹ. ಗಿಡಕ್ಕೆ ಅಂಗ ಅಂದರೆ ಬೇರು, ಕಾಂಡ, ಎಲೆ. ನಾನು ‘ಭ್ರೂಣದ ಅಂಗ’ ಅಂತ ಬರೆದಿದ್ದೆ.

ಆರ್ಗನೆಲ್ ಮತ್ತು ಆರ್ಗನಾಯ್ಡ್ ಎರಡಕ್ಕೂ ‘ಕಿರು ಅಂಗ’ ಅಂತ ಹಾಕಿ ಒಂದು ವಾರ ನೆಮ್ಮದಿಯಾಗಿದ್ದೆ. ಮೊದಲನೆಯದು ಜೀವಕೋಶದ ಒಳಗಿನ ಮೈಟೋಕಾಂಡ್ರಿಯದಂಥದ್ದು, ಅದಕ್ಕೆ ‘ಕಣದಂಗ’ ಮೊದಲೇ ಇದೆ. ಎರಡನೆಯದು ತಟ್ಟೆಯಲ್ಲಿ ಬೆಳೆಸಿದ, ಅಂಗವನ್ನು ಹೋಲುವ ಜೀವಕೋಶಗಳ ಪುಟ್ಟ ಮುದ್ದೆ. 2009ರಲ್ಲಿ ಡಚ್ ವಿಜ್ಞಾನಿ ಹಾನ್ಸ್ ಕ್ಲೆವರ್ಸ್ ಅವರ ತಂಡ ಒಂದೇ ಕಾಂಡಕೋಶದಿಂದ (ಸ್ಟೆಮ್ ಸೆಲ್) ಕರುಳಿನ ಆರ್ಗನಾಯ್ಡ್ ಬೆಳೆಸಿದ ಮೇಲೆ ಈ ಪದ ಎಲ್ಲೆಲ್ಲೂ ಓಡಾಡುತ್ತಿದೆ. ಅದನ್ನು ‘ಅಂಗರೂಪಿ’ ಅಂತ ಮಾಡಿಕೊಂಡಿದ್ದೇನೆ. ಕೆಲವರಿಗೆ ಹಿಡಿಸಿಲ್ಲ, ಇರಲಿ.

ಇಂಗಾಲದ ಡಬ್ಬಿ ಸುಲಭ ಅಂದುಕೊಂಡಿದ್ದೆ. ಆರ್ಗನೋಟಿನ್ ಅಂದರೆ ಇಂಗಾಲ-ತವರ ಸಂಯುಕ್ತ, ಆರ್ಗನೋಮೆಟಾಲಿಕ್ ಅಂದರೆ ಇಂಗಾಲ-ಲೋಹ ಸಂಯುಕ್ತ. ನಡುವೆ ಅಡ್ಡಗೆರೆ ಹಾಕಿದ್ದು ನನ್ನದೇ ಉಪಾಯ. ಲೋಹ ಇಂಗಾಲದ ಕೈಯನ್ನೇ ನೇರವಾಗಿ ಹಿಡಿದಿದೆ ಅಂತ ಆ ಗೆರೆಯೇ ಹೇಳುತ್ತದೆ. ಬಿ12 ಜೀವಸತ್ವದಲ್ಲಿ ಕೋಬಾಲ್ಟ್‌ಗೂ ಇಂಗಾಲಕ್ಕೂ ಇಂಥದ್ದೇ ನೇರ ಬಂಧ ಇದೆ. ಸೋಡಿಯಂ ಅಸಿಟೇಟ್‌ನಲ್ಲಿ ಲೋಹ ಇರುವುದು ಆಮ್ಲಜನಕದ ಪಕ್ಕ, ಅದಕ್ಕೆ ಈ ಡಬ್ಬಿಯಲ್ಲಿ ಜಾಗ ಇಲ್ಲ.

ವಿಷಗಳ ವಿಷಯದಲ್ಲಿ ಮಾತ್ರ ಅನುವಾದವನ್ನೇ ಬಿಟ್ಟೆ. ಆರ್ಗನೋಫಾಸ್ಫೇಟ್, ಆರ್ಗನೋಕ್ಲೋರಿನ್ ಹಾಗೇ ಇರಲಿ. ವೈದ್ಯರು ಹೇಳುವುದೂ ಅದೇ ಹೆಸರು. ಗಾಬರಿಯಲ್ಲಿ ಓಡಿ ಬಂದವರ ಬಾಯಲ್ಲಿ ಬೇರೆ ಹೆಸರಿದ್ದರೆ ಏನು ಗತಿ? ಇನ್ನೊಂದು ಮಾತು. ಒಂದೇ ಡಬ್ಬಿಯಲ್ಲಿ ಇದ್ದ ಮಾತ್ರಕ್ಕೆ ಗುಣವೂ ಒಂದೇ ಅಲ್ಲ. ಗ್ಲೈಫೋಸೇಟ್ ಅನ್ನುವ ಕಳೆನಾಶಕ ಕೂಡ ಇಂಗಾಲ-ರಂಜಕ ಸಂಯುಕ್ತವೇ, ಆದರೆ ಅದು ಆ ಕಿಣ್ವವನ್ನು ಕಟ್ಟಿಹಾಕುವ ಗುಂಪಿಗೆ ಸೇರಿದ್ದಲ್ಲ.

ನಿಯಮ ಕೈಕೊಟ್ಟದ್ದು 2021ರಲ್ಲಿ. ಬೆಂಜಮಿನ್ ಲಿಸ್ಟ್ ಮತ್ತು ಡೇವಿಡ್ ಮ್ಯಾಕ್‌ಮಿಲನ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು, ಕೆಲಸ ಕೊಟ್ಟವರು ಅರ್ಧ ಗಂಟೆಯಲ್ಲಿ ಸುದ್ದಿ ಬೇಕು ಅಂದರು. ಪದ: ಆರ್ಗನೋಕ್ಯಾಟಲಿಸಿಸ್. ಬಾಲದಲ್ಲಿ ಧಾತು ಇಲ್ಲ, ಕ್ರಿಯೆ ಇದೆ. ನನ್ನ ಕೈ ಅಂಗದ ಡಬ್ಬಿಗೇ ಹೋಯಿತು. ‘ಅಂಗ ಕ್ರಿಯಾವರ್ಧನೆ’ ಅಂತ ಟೈಪೂ ಮಾಡಿದ್ದೆ. ಅವರ ಕೆಲಸ ಇದ್ದದ್ದು ಲೋಹವಿಲ್ಲದ ಪುಟ್ಟ ಇಂಗಾಲದ ಅಣುಗಳನ್ನು ಕ್ರಿಯಾವರ್ಧಕವಾಗಿ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸಲು, ಬಳಸುವುದರಲ್ಲಿ. ಅಂದಿನಿಂದ ಒಂದು ಪ್ರಶ್ನೆ ಸೇರಿಸಿಕೊಂಡೆ: ಬಾಲದ ಕ್ರಿಯೆ ನಡೆಯುವುದು ದೇಹದಲ್ಲೋ, ಗಾಜಿನ ಬುರುಡೆಯಲ್ಲೋ?

ಮೂರನೆಯ ಡಬ್ಬಿಯಲ್ಲಿ 20ರ ಹತ್ತಿರ ಪದಗಳಿವೆ. ನನಗೆ ತುಂಬಾ ಇಷ್ಟವಾದ ಜೋಡಿ ಇಲ್ಲೇ ಇದೆ. ಆರ್ಗನೋಟ್ರೋಪಿಕ್, ಆರ್ಗನೋಟ್ರೋಫಿಕ್. ಹೊಟ್ಟೆ ಸೀಳದ ಪ ಇದ್ದರೆ ನಿರ್ದಿಷ್ಟ ಅಂಗದ ಕಡೆಗೇ ವಾಲುವ ಔಷಧಿಯೋ ವೈರಸ್ಸೋ. ಹೊಟ್ಟೆ ಸೀಳಿದ ಫ ಇದ್ದರೆ, ಸೂಕ್ಷ್ಮಜೀವಿಗಳ ಬರಹದಲ್ಲಿ, ಇಂಗಾಲದ ಸಂಯುಕ್ತಗಳಿಂದ ಎಲೆಕ್ಟ್ರಾನ್ ಪಡೆದು ಬದುಕುವ ಜೀವಿ. ಒಂದು ಸೀಳು ಪದವನ್ನು ಡಬ್ಬಿಯಿಂದ ಡಬ್ಬಿಗೆ ಎಸೆಯುತ್ತದೆ. ಅಚ್ಚಿನಲ್ಲಿ ಆ ಸೀಳು ಅಳಿಸಿ ಹೋದರೆ ದೇವರೇ ಗತಿ. ಹಳೆಯ ವೈದ್ಯಕೀಯ ನಿಘಂಟಿನಲ್ಲಿ ಅದೇ ಫ ಇರುವ ಪದಕ್ಕೆ ‘ಅಂಗಗಳ ಪೋಷಣೆಗೆ ಸಂಬಂಧಿಸಿದ್ದು’ ಅನ್ನುವ ಅರ್ಥವೂ ಇದೆ. ಅದಕ್ಕೇ ವಾಕ್ಯ ಓದಬೇಕು ಅನ್ನುವುದು. ಬಿಡಿ ಪದ ‘ಆರ್ಗ್ಯಾನಿಕ್’ ಕೂಡ ಇಲ್ಲೇ ಇದೆ. ವೈದ್ಯರು ಆರ್ಗ್ಯಾನಿಕ್ ಕಾಯಿಲೆ ಅಂದರೆ ದೇಹದಲ್ಲೇ ಕಾಣುವ ದೋಷ. ‘ಸಾವಯವ ಕಾಯಿಲೆ’ ಅಂತ ಬರೆದವರನ್ನು ನಾನು ನೋಡಿದ್ದೇನೆ. ಹೆಸರು ಬೇಡ, ನಾನೂ ಬರೆದಿದ್ದೆ.

ಗೆದ್ದ ಹುಮ್ಮಸ್ಸಿನಲ್ಲಿ ಇದೇ ಆಟವನ್ನು ‘ಮಯಲೋ’ ಮೇಲೂ ಆಡಿದೆ. ಅದಕ್ಕೂ ಎರಡು ಅರ್ಥ, ಮೂಳೆಮಜ್ಜೆ ಮತ್ತು ಬೆನ್ನುಹುರಿ. ಪೂರ್ತಿ ಮುಗ್ಗರಿಸಿದೆ. ಆಸ್ಟಿಯೋಮಯಲೈಟಿಸ್, ಪೋಲಿಯೋಮಯಲೈಟಿಸ್ ಎರಡಕ್ಕೂ ಬಾಲ ಒಂದೇ. ಒಂದು ಮೂಳೆಯದು, ಇನ್ನೊಂದು ಬೆನ್ನುಹುರಿಯದು. ಅಲ್ಲಿ ತಲೆಯನ್ನೇ ನೋಡಬೇಕು. ಹದಿನೈದು ದಿನ ದಂಡ. ಆ ಹೊತ್ತಿಗೆ ಬಂದಿದ್ದ ಎರಡು ಕೆಲಸಗಳನ್ನೂ ಬೇಡ ಅಂದಿದ್ದೆ.

ಹಣ ವಾಪಸ್ ಬಂತಾ ಅಂತ ಕೇಳುತ್ತೀರಿ. ಬಂತು. ಹತ್ತು ಪುಟದ ವಿಷಶಾಸ್ತ್ರದ ಕೆಲಸಕ್ಕೆ ಮೂರು ದಿನ ಹಿಡಿಯುತ್ತಿದ್ದದ್ದು ಈಗ ಒಂದೂವರೆ ದಿನ. ತಿದ್ದಲು ವಾಪಸ್ ಬರುವುದು ಹೆಚ್ಚೂಕಮ್ಮಿ ನಿಂತೇ ಹೋಗಿದೆ. ಒಂದು ವರ್ಷದೊಳಗೆ ಕರಪತ್ರದ ನಷ್ಟ ತೀರಿತು. ನಿಘಂಟಿನ ನಷ್ಟ ತೀರಿದ್ದು ಅದನ್ನು ಮಾರಿದ ಮೇಲೆ. ಪಟ್ಟಿಯನ್ನು ಕಂಪ್ಯೂಟರಿಗೆ ಹಾಕುವಾಗ ಯಾವ ಡಬ್ಬಿಯನ್ನು ಮೊದಲು ಓಡಿಸಬೇಕು ಅನ್ನುವುದರಲ್ಲಿ ಒಂದು ಕಿತಾಪತಿ ಇದೆ. ಅದನ್ನು ಇಲ್ಲಿ ಬರೆಯಲ್ಲ. ಹೊಟ್ಟೆಪಾಡು.

ಹೋದ ವಾರ ಆ ಹಿರಿಯರು ಫೋನ್ ಮಾಡಿದ್ದರು. ‘ಆರ್ಗನೋಜೆನಿಕ್ ಯಾವ ಡಬ್ಬಿಯಪ್ಪಾ?’

‘ವಾಕ್ಯ ಓದಿ ಸರ್.’

ಓದಿದರು. ಸಮುದ್ರದ ತಳದಲ್ಲಿ ಚಿಪ್ಪು, ಹವಳಗಳಿಂದಾದ ಪದರದ ಬಗ್ಗೆ ಇತ್ತು. ಅಂಗವೂ ಅಲ್ಲ, ಇಂಗಾಲವೂ ಅಲ್ಲ, ಜೀವಿಗಳಿಂದ ಆದದ್ದು. ನಾನು ಸುಮ್ಮನಾದೆ.

‘ನಾಲ್ಕನೇ ಡಬ್ಬಿ ತರಬೇಕಲ್ಲಯ್ಯಾ’ ಅಂದರು.